ಭಾನುವಾರದ ಪರೀಕ್ಷೆಗೆ ಗುರುವಾರದ ತಯಾರಿ

ಭಾನುವಾರ ಪರೀಕ್ಷೆ ಎನ್ನುವುದು ನನಗೆ ಗೊತ್ತಾದದ್ದು ಗುರುವಾರ ಸಂಜೆ. ಅದೂ ಹೇಗೆ? ಕೆಳಗಿನ ರೂಮಿನ ಹುಡುಗಿ ನೀರು ಹಿಡಿಯಲು ಬಂದವಳು, ಬೇರೇನೋ ಮಾತಿನ ನಡುವೆ, "ಅಕ್ಕಾರ, ಸಾಲ್ಯಾಗ ಹಾಲ್ ಟಿಕೆಟ್ ಕೊಟ್ಟಾರ್ರಿ" ಎಂದಳು. ಸರ್ಕಾರಿ ವಸತಿ ಶಾಲೆಯ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಅದು. ಅರ್ಜಿ ಹಾಕಿಸಿದವಳು ನಾನೇ. ದಿನಾಂಕದ ಮೆಸೇಜು ಮಾತ್ರ ಅವಳ ಅಪ್ಪನ ಫೋನಿಗೆ ಬಂದಿತ್ತು. ಅವನು ಅತ್ತಿಬೆಲೆ ಕಡೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿ ಅಲ್ಲೇ ಉಳಿದಿದ್ದ. ಮೆಸೇಜು ನೋಡಿದ್ದನಂತೆ, ಯಾವುದೋ ಲೋನಿನವರು ಇರಬೇಕು ಅಂದುಕೊಂಡು ಸುಮ್ಮನಾದನಂತೆ. ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ರಾಜಗೋಪಾಲನಗರದಲ್ಲಿ ನಾವು ಇರುವುದು ಮಹಡಿಯ ಮೇಲೆ. ಕೆಳಗೆ ಸಾಲಾಗಿ ಬಾಡಿಗೆ ರೂಮುಗಳು. ಕೊನೆಯದರಲ್ಲಿ ಕೊಪ್ಪಳದ ಕಡೆಯ ಈ ಸಂಸಾರ. ತಾಯಿ ಗಾರೆ ಕೆಲಸಕ್ಕೆ ಹೋಗುತ್ತಾಳೆ. ಹುಡುಗಿ ಐದನೇ ಕ್ಲಾಸು, ಲೆಕ್ಕದಲ್ಲಿ ಬಲು ಚುರುಕು, ಸೊಂಟದ ಮೇಲೆ ಸದಾ ಒಬ್ಬ ತಮ್ಮ. ನಡೆಯಲು ಕಲಿತಿದ್ದರೂ ಇಳಿಯಲು ಒಪ್ಪದ ಕೂಸು. ಇನ್ನೆರಡು ವರ್ಷ ಕಳೆದರೆ ಈ ಹುಡುಗಿಯನ್ನೂ ಶಾಲೆ ಬಿಡಿಸಿ ಇಟ್ಟಿಗೆ ಹೊರಲು ಕರೆದುಕೊಂಡು ಹೋಗುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ವಸತಿ ಶಾಲೆ ಸೇರಿದರೆ ಹತ್ತನೇ ತರಗತಿಯವರೆಗೆ ಯಾರೂ ಅವಳನ್ನು ಮುಟ್ಟುವಂತಿಲ್ಲ. ನನ್ನ ಹಟವೆಲ್ಲ ಅದಕ್ಕೇ.

ನಾನು ಪೀಣ್ಯದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಶುಕ್ರವಾರ ಅರ್ಧ ದಿನ ರಜೆ ಹಾಕಿ, ಹಳೆಯ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿಕೊಂಡು ಬಂದು ಅವಳನ್ನು ಕೂರಿಸಿದೆ. ಭಿನ್ನರಾಶಿ ಶುರು ಮಾಡಿದರೆ ಕೂಸು ಪೆನ್ಸಿಲ್ ಕಿತ್ತುಕೊಂಡಿತು. ಉತ್ತರದ ವೃತ್ತಕ್ಕೆ ಪೆನ್ನಿನಲ್ಲಿ ಹೇಗೆ ಕಪ್ಪು ತುಂಬಬೇಕು ಎಂದು ತೋರಿಸುತ್ತಿದ್ದರೆ ಹಾಳೆಯ ಮೇಲೇ ಉಚ್ಚೆ ಹೊಯ್ಯಿತು.

"ಇವನನ್ನ ಎಲ್ಲಾದ್ರೂ ಬಿಟ್ಟು ಬಾರೇ ತಾಯಿ! ಹಿಂಗಾದ್ರೆ ಓದೋಕಾಗುತ್ತಾ?"

"ಎಲ್ಲಿ ಬಿಡ್ಲಿರಿ ಅಕ್ಕಾರ?" ಎಂದಳು.

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಶನಿವಾರ ನನ್ನ ಗಂಡನ ಕೈಗೆ ಕೂಸನ್ನು ಕೊಟ್ಟು ತಾರಸಿಗೆ ಅಟ್ಟಿದೆ. ಮನೆ ತಣ್ಣಗಾಯಿತು. ಇನ್ನಾದರೂ ಮನಸ್ಸಿಟ್ಟು ಮಾಡುತ್ತಾಳೆ ಅಂದುಕೊಂಡರೆ ಬರುತ್ತಿದ್ದ ಲೆಕ್ಕವೂ ಬಾರದೆ ಹೋಯಿತು. ಕಣ್ಣೆಲ್ಲ ಬಾಗಿಲ ಕಡೆಗೇ. ನಡುವೆ ಎದ್ದು ಮೆಟ್ಟಿಲ ತನಕ ಹೋಗಿ ಬಂದಳು. ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟರೂ ಹೀಗಾಡುತ್ತಾಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದಂತೆ ಬೈದೆ. ಅವಳು ತಲೆ ತಗ್ಗಿಸಿ ಬೈಗುಳ ಕೇಳಿಸಿಕೊಂಡು, ಅದೇ ಲೆಕ್ಕವನ್ನು ಮತ್ತೆ ತಪ್ಪು ಮಾಡಿದಳು.

ಸಂಜೆ ಕೆಲಸ ಮುಗಿಸಿ ಬಂದ ತಾಯಿಯದು ಇನ್ನೊಂದು ರಾಗ. "ನಾಳಿ ಸ್ಲ್ಯಾಬ್ ಹಾಕ್ತಾರ್ರಿ ಅಕ್ಕಾರ. ಹೋಗ್ಲಿಲ್ಲಂದ್ರ ಮೇಸ್ತ್ರಿ ಇನ್ನ ಬರಬ್ಯಾಡ ಅಂತಾನ. ಕೂಸಿನ್ನ ಯಾರು ನೋಡ್ತಾರ್ರಿ? ಪರೀಕ್ಷಾ ಮುಂದಿನ ವರ್ಸ ಬರೀತಾಳ ಬಿಡ್ರಿ."

ಐದನೇ ಕ್ಲಾಸಿನವರು ಬರೆಯುವ ಪರೀಕ್ಷೆ ಇದು, ಮುಂದಿನ ವರ್ಷ ಬರೆಯಲು ಬಿಡುವುದಿಲ್ಲ ಎಂದು ಎಷ್ಟು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಕೊನೆಗೆ, "ಕೂಸನ್ನ ನಾನೇ ನೋಡ್ಕೋತೀನಿ, ನೀನು ಹೋಗಮ್ಮ" ಎಂದುಬಿಟ್ಟೆ.

ಭಾನುವಾರ ಪರೀಕ್ಷೆ ನಡೆಯುವ ಶಾಲೆಯ ಗೇಟಿನಲ್ಲಿ ಹುಡುಗಿ ತಮ್ಮನನ್ನು ನನ್ನ ತೋಳಿಗೆ ದಾಟಿಸಿ ಒಳಗೆ ಹೋದಳು. ಅವಳ ಬೆನ್ನು ಕಾಣುವಷ್ಟು ಹೊತ್ತು ಸುಮ್ಮನಿದ್ದ ಕೂಸು, ಆಮೇಲೆ ಶುರು ಮಾಡಿತು ನೋಡಿ, ಗಂಟಲು ಹರಿದುಹೋಗುವ ಹಾಗೆ. ಬಿಸ್ಕತ್ತು ಕೊಟ್ಟೆ, ಬಿಸಾಡಿತು. ಕೀ ಗೊಂಚಲು ಕೊಟ್ಟೆ, ಅದನ್ನೇ ನನ್ನ ಮೂಗಿಗೆ ಹೊಡೆಯಿತು. ಹುಡುಗಿಯ ಕೋಣೆ ಕಾಂಪೌಂಡಿಗೆ ಅಂಟಿಕೊಂಡೇ ಇತ್ತು. ಪಕ್ಕದಲ್ಲಿ ನಿಂತಿದ್ದ ಒಬ್ಬರು, "ಮೇಡಂ, ಮಕ್ಕಳು ಬರೀತಿದಾರೆ, ಸ್ವಲ್ಪ ಆಚೆ ಕರ್ಕೊಂಡ್ಹೋಗಿ" ಎಂದರು. ನನಗೂ ಅದೇ ಭಯ. ಈ ಅಳು ಕೇಳುತ್ತಾ ಕೂತರೆ ಹುಡುಗಿ ಏನು ಬರೆದಾಳು? ಅದು ಅವಳ ಕಿವಿಗೆ ಬೀಳಲೇಬಾರದು ಎಂದು ಮುಖ್ಯರಸ್ತೆಯ ತನಕ ನಡೆದೆ. ಓಡಾಡುವ ಲಾರಿಗಳನ್ನು ನೋಡುತ್ತಾ ಕೂಸು ಬಿಕ್ಕುತ್ತಾ ಬಿಕ್ಕುತ್ತಾ ನನ್ನ ಹೆಗಲ ಮೇಲೆ ನಿದ್ದೆ ಹೋಯಿತು. ಗುರುವಾರದಿಂದ ಈಚೆಗೆ ನೆಟ್ಟಗೆ ನಡೆದ ಕೆಲಸ ಅದೊಂದೇ ಎನಿಸಿ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಅಲ್ಲೇ ಒಂದು ಅಂಗಡಿಯ ನೆರಳಿನಲ್ಲಿ ನಿಂತು ಕಾಫಿಯನ್ನೂ ಕುಡಿದೆ.

ವಾಪಸು ಬಂದರೆ ಹುಡುಗಿ ಗೇಟಿನ ಹೊರಗೆ ನಿಂತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಓಡಿ ಬಂದು ತಮ್ಮನನ್ನು ಕಿತ್ತುಕೊಂಡು ಅವನ ಕೈ, ಕಾಲು, ತಲೆ ಎಲ್ಲ ಸವರಿ ನೋಡಿದಳು.

"ಅರ್ಧಕ್ಕೇ ಪೇಪರ್ ಕೊಟ್ಟು ಓಡಿ ಬಂದ್ಬಿಟ್ಲು ಮೇಡಂ," ಎಂದ ಗೇಟಿನ ಕಾವಲಿನವನು. "ನಾನೂ ಹೋಗಿ ಕೇಳ್ದೆ. ಇನ್ನ ಒಳಗೆ ಬಿಡಲ್ವಂತೆ."

ನನಗೆ ಎಲ್ಲಿತ್ತೋ ಸಿಟ್ಟು. "ಅವನು ಅತ್ರೆ ಅಳ್ಲಿ ಅಂತ ಬರೆಯೋದಲ್ವೇನೇ? ನಾನಿರಲಿಲ್ವಾ? ನಿನಗೆ ಅಳು ಕೇಳಿಸಬಾರದು ಅಂತಾನೇ ಅಷ್ಟು ದೂರ ಎತ್ಕೊಂಡು ಹೋದೆ ಕಣೇ!" ಎಂದು ಬೀದಿಯಲ್ಲೇ ಕೂಗಾಡಿದೆ.

ಅವಳು ಹೆದರಲಿಲ್ಲ. "ಅವ ಅಳಾಕತ್ತಿರೋತನಕ ಬರ್ದೀನ್ರಿ ಅಕ್ಕಾರ," ಎಂದಳು. "ಅಳಾಕತ್ತಿದ್ರ ಅದಾನ ಅಂತ ಗೊತ್ತಾಕ್ಕೈತ್ರಿ. ಆಮ್ಯಾಲೆ ದನಿ ಕೇಳ್ಲಿಲ್ರಿ. ನಮ್ಮವ್ವನ ಕೆಲಸದ ಜಾಗದಾಗ ಅವ ಸುಮ್ಮನಾದ ಅಂದ್ರ ಮೊದ್ಲು ನೀರಿನ ಗುಂಡ್ಯಾಗ ನೋಡಬೇಕ್ರಿ."

ಒಳಗೆ ಉಳಿದ ಮಕ್ಕಳು ಇನ್ನೂ ಬರೆಯುತ್ತಿದ್ದರು. ಈ ಗಲಾಟೆಗೆ ಎಚ್ಚರಗೊಂಡ ಕೂಸು ಮತ್ತೆ ಜೋರಾಗಿ ಅಳತೊಡಗಿತು. ಅವಳು ಅದನ್ನು ಸಮಾಧಾನ ಮಾಡಲು ಹೋಗಲಿಲ್ಲ.