ಚರಗ ಚೆಲ್ಲಿದ ದಿನ

ಅಂಧೇರಿಯಲ್ಲಿ ಕಟ್ಟುತ್ತಿದ್ದ ಆ ಬಿಲ್ಡಿಂಗಿಗೆ ನಾನು ಟ್ರೇನಿ ಎಂಜಿನಿಯರ್ ಆಗಿ ಸೇರಿದ ದಿನವೇ ಸೀನಿಯರ್ ಒಂದು ಬುದ್ಧಿಮಾತು ಹೇಳಿದ್ದರು. ಕೆಲಸದವರ ಜೊತೆ ಹಿಂದಿಯಲ್ಲಿ ಕೆಲಸದ ಮಾತಷ್ಟೇ ಆಡು, ಸಲಿಗೆ ಕೊಟ್ಟರೆ ತಲೆಯ ಮೇಲೆ ಕೂರುತ್ತಾರೆ ಎಂದು. ಆಗ ನನಗೆ ಇಪ್ಪತ್ತೆರಡು. ಬಾಗಲಕೋಟೆ ಕಡೆಯ ನಮ್ಮ ಹಳ್ಳಿ ಬಿಟ್ಟು ವಾರವೂ ಆಗಿರಲಿಲ್ಲ. ಸುಮ್ಮನೆ ತಲೆಯಾಡಿಸಿದೆ.

ಸ್ಲ್ಯಾಬಿಗೆ ನೀರು ಹೊಡೆಯಲು ಒಬ್ಬ ಹೆಂಗಸಿದ್ದಳು. ಹೊಸ ಕಾಂಕ್ರೀಟು ಬಿರುಕು ಬಿಡದಂತೆ ದಿನವಿಡೀ ಪೈಪು ಹಿಡಿದು ತೋಯಿಸುವ ಕೆಲಸ. ನಮ್ಮವ್ವನಷ್ಟು ವಯಸ್ಸಿರಬಹುದು. ಗಂಡ ಬಾಂದ್ರಾದ ಇನ್ನೊಂದು ಸೈಟಿನಲ್ಲಿದ್ದ. ಇವಳು ಇಲ್ಲಿ ತಗಡಿನ ಶೆಡ್ಡಿನಲ್ಲಿ ಒಬ್ಬಳೇ. ಉಳಿದವರೆಲ್ಲ ಬಿಹಾರ, ಬಂಗಾಳದವರು. ಊಟದ ಹೊತ್ತಿಗೆ ಅವಳು ಮೆಟ್ಟಿಲ ಕೆಳಗೆ ಕೂತು ಊರಲ್ಲಿದ್ದ ಮಗಳಿಗೆ ಫೋನು ಹಚ್ಚುತ್ತಿದ್ದಳು. ಮೊದಲ ಸಲ ಆ ಮಾತು ಕಿವಿಗೆ ಬಿದ್ದಾಗ ನನಗೆ ಮೈ ಜುಮ್ಮೆಂದಿತು. ಅಪ್ಪಟ ನಮ್ಮನೆಯ ಮಾತು.

ಆಗಲೇ ಇಳಿದು ಹೋಗಿ ಮಾತಾಡಿಸಬಹುದಿತ್ತು. ಸೀನಿಯರ್ ಹೇಳಿದ್ದು ಬರೀ ನೆಪ. ಬಾಯಿ ತೆರೆದರೆ ಅಳು ನುಗ್ಗುತ್ತದೆ, ಎಲ್ಲ ಬಿಟ್ಟು ಆ ಸಂಜೆಯೇ ರೈಲು ಹತ್ತಿಬಿಡುತ್ತೇನೆ ಎಂಬ ಹೆದರಿಕೆಯೇ ನಿಜ. ಹಾಗಾಗಿ ದಿನಾ ಒಂದು ಗಂಟೆಗೆ ಡಬ್ಬಿ ಹಿಡಿದು, ಅವಳಿಗೆ ಕಾಣದಂತೆ ಮೇಲಿನ ಮೆಟ್ಟಿಲಲ್ಲಿ ಕೂರತೊಡಗಿದೆ.

"ಇಲ್ಲಿ ಮಾತಾಡಾಕ ಒಂದ ನರಪಿಳ್ಳಿ ಇಲ್ಲವ್ವ. ಬಾಯಿದ್ದೂ ಮೂಕಿ ಆಗೇನಿ," ಎಂದು ಮಗಳಿಗೆ ಹೇಳುತ್ತಿದ್ದಳು. ಕೆಲವು ದಿನ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ಮೇಲೆ ಕೂತು ಅನ್ನ ಅಗಿಯುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಅವಳು ಅತ್ತ ದಿನ ನನ್ನ ಮನಸ್ಸು ಹಗುರಾಗುತ್ತಿತ್ತು. ಒಮ್ಮೆ ಎದುರು ಸಿಕ್ಕಾಗ ಅರೆಬರೆ ಹಿಂದಿಯಲ್ಲಿ, "ಮ್ಯಾಡಮ್, ರೋಟಿ ಖಾಯೇಗಾ?" ಎಂದು ಜೋಳದ ರೊಟ್ಟಿ ಚಾಚಿದಳು. ನಾನು "ನಹೀ" ಎಂದು ಮುಂದೆ ಹೋದೆ. ಎಂಥ ಕಲ್ಲುಮನಸ್ಸು ನನ್ನದು!

ಹೀಗೆ ನಾಲ್ಕು ತಿಂಗಳು ಕಳೆದು ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಹೊಲಕ್ಕೆ ಹೋಗಿ, ಕಡುಬು ಪಲ್ಯ ಕಲಸಿ, ಬೆಳೆದು ನಿಂತ ಪೈರಿಗೆ ಎಡೆಯೆಂದು ಸುತ್ತಲೂ ಚೆಲ್ಲುತ್ತಾರೆ. ಅದೇ ಚರಗ. ಮುಂದಿನವರು ಚೆಲ್ಲುತ್ತ ಕೂಗಬೇಕು, ಹಿಂದಿನವರು ನೀರು ಚಿಮುಕಿಸುತ್ತ ಮಾರುತ್ತರ ಕೊಡಬೇಕು. ಮನೆಯಲ್ಲಿ ಅಪ್ಪ ಮುಂದೆ, ತಂಬಿಗೆ ಹಿಡಿದು ನಾನು ಹಿಂದೆ.

ಆ ಮಧ್ಯಾಹ್ನ ಅವಳು ಫೋನು ಹಚ್ಚಲಿಲ್ಲ. ಕಾಂಪೌಂಡಿನ ಪಕ್ಕದ ಚೂರು ಮಣ್ಣಿನಲ್ಲಿ ಮೆಂತ್ಯ ಹಾಕಿಕೊಂಡಿದ್ದಳು. ಒಂದು ಕೈಲಿ ತಟ್ಟೆ, ಇನ್ನೊಂದರಲ್ಲಿ ತಂಬಿಗೆ ಹಿಡಿದು ಅದರ ಮುಂದೆ ನಿಂತಳು. ತಂಬಿಗೆ ಕೆಳಗಿಟ್ಟು ಒಂದು ಹಿಡಿ ಚೆಲ್ಲಿ, ಸಣ್ಣ ದನಿಯಲ್ಲಿ ಕೂಗಿದಳು.

"ಹುಲ್ಲುಲ್ಲಿಗೋ..."

ಉತ್ತರ ಕೊಡಲು ಹಿಂದೆ ಯಾರೂ ಇರಲಿಲ್ಲ. ಮತ್ತೊಂದು ಹಿಡಿ ಚೆಲ್ಲಿ ಮತ್ತೆ ಕೂಗಿದಳು.

"ಚಲ್ಲಂಬ್ರಿಗೋ!"

ಮೇಲಿನ ಮೆಟ್ಟಿಲಿಂದ ಕೂಗಿದ್ದು ನಾನು. ಹುಟ್ಟಿದಾಗಿನಿಂದ ರೂಢಿಯಾದ ಬಾಯಿ, ನನ್ನನ್ನು ಕೇಳದೆ ಕೂಗಿಬಿಟ್ಟಿತ್ತು.

ಅವಳು ತಲೆಯೆತ್ತಿ ನೋಡಿದಳು. ಮೊದಲು ಮುಖ ಅರಳಿತು. ಆಮೇಲೆ ಅವಳ ಕಣ್ಣು ನಾನು ಕೂತ ಮೆಟ್ಟಿಲಿನಿಂದ ಕೆಳಗೆ ಅವಳು ದಿನಾ ಕೂರುವ ಜಾಗಕ್ಕೆ ಹೋಯಿತು.

"ನೀ ನಮ್ಮಾಕಿ ಏನ? ನಾಲ್ಕ ತಿಂಗಳ ನಾ ಅತ್ತದ್ದೆಲ್ಲಾ ಅಲ್ಲಿ ಕುಂತ ಕೇಳೀದಿ?"

"ಹೌದಬೇ," ಎಂದೆ. ಇಳಿದು ಬಂದು ಎದುರು ನಿಂತೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ತಂಬಿಗೆ ಎತ್ತಿ ನನ್ನ ಕೈಗಿಟ್ಟಳು.

"ಹಿಡಿ. ಚರಗಾ ಅರ್ಧಕ್ಕ ಬಿಡಬಾರದು."

ಅವಳು ಕೂಗಿದಳು, ನಾನು ಉತ್ತರಿಸಿದೆ. ಮೆಂತ್ಯದ ಸಾಲು ಎಷ್ಟುದ್ದ, ಹತ್ತು ಹೆಜ್ಜೆ. ಮುಗಿಯುವಷ್ಟರಲ್ಲಿ ನಾನು ಅಳುತ್ತಿದ್ದೆ. ಆಮೇಲೆ ಕಡುಬು ಬಡಿಸಿದಳು, ಸಾಕೆಂದರೂ ಬಿಡದೆ ಇನ್ನೊಂದು ಹಾಕಿದಳು. ನನ್ನ ಊರು ಯಾವುದು, ಅಪ್ಪ ಏನು ಮಾಡುತ್ತಾನೆ, ಒಂದನ್ನೂ ಕೇಳಲಿಲ್ಲ.

ಮರುದಿನ ಒಂದು ಗಂಟೆಗೆ ನಾನು ಡಬ್ಬಿ ಹಿಡಿದು ಮೆಟ್ಟಿಲ ಕೆಳಗೇ ಹೋಗಿ ಕೂತೆ. ಅವಳು ರೊಟ್ಟಿ ತಂದು ನನ್ನ ಮುಂದಿಟ್ಟಳು. ಆಮೇಲೆ ಫೋನು ತೆಗೆದುಕೊಂಡು ಶೆಡ್ಡಿನೊಳಗೆ ಹೋಗಿ, ತಗಡಿನ ಬಾಗಿಲು ಮುಂದೆ ಮಾಡಿಕೊಂಡಳು.