ಸ್ಟುಡಿಯೋದ ಗಾಜಿನೊಳಗೆ ಬಾರದ ಹೊಲ

ಆಕೆಯ ಸುಕ್ಕುಗಳೆಲ್ಲ ಎಡಗಣ್ಣಿನ ಬದಿಗೇ ಇದ್ದವು. ಬಲಗಣ್ಣನ್ನು ಕ್ಯಾಮರಾಕ್ಕೆ ಹಚ್ಚಿ, ಎಡಗಣ್ಣನ್ನು ಹಿಂಡಿ ಹಿಂಡಿ ಮುಚ್ಚಿ ಹಾಗಾಗಿತ್ತು. ಒಂದು ಬಾಜುವಿನಿಂದ ನೋಡಿದರೆ ನನ್ನ ಸೊಸೆಯ ವಯಸ್ಸು, ಇನ್ನೊಂದು ಬಾಜುವಿನಿಂದ ನನ್ನದು.

ರಾಮತೀರ್ಥ ನಗರದ ನಮ್ಮ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದಳು. ನಾವೆಲ್ಲ ಫೋಟೋದಾಕಿ ಅನ್ನುತ್ತಿದ್ದೆವು. ಆಕೆಯ ಅಣ್ಣನದೊಂದು ಸ್ಟುಡಿಯೋ ಇತ್ತು. ಲಗ್ನದಲ್ಲಿ ಮೆರವಣಿಗೆ, ಅಕ್ಷತೆ, ದೊಡ್ಡ ಮಂದಿ ಅಣ್ಣನ ಪಾಲು. ಅರಿಶಿಣ, ಬಸುರಿಯರ ಕುಬಸ, ತೊಟ್ಟಿಲು ಈಕೆಯ ಪಾಲು. ದುಡಿದು ಬಂದು ನಮ್ಮ ಮೆಟ್ಟಿಲ ಮೇಲೆ ಕುಸಿದು ಕೂರುವಳು.

“ಆಯಿ, ಬಳಿ, ಮೆಹೆಂದಿ ನೋಡಿ ನೋಡಿ ಕಣ್ಣು ಸೋತಾವು. ನಾಳಿ ಬೀಡಿ ಕಡೆ ಹೋಗೂಣು ಬರ್ರಿ.”

ಖಾನಾಪುರ ತಾಲೂಕಿನ ಬೀಡಿ ನನ್ನ ತವರು. ಆಕೆಗೆ ಬೇಕಾಗಿದ್ದದ್ದು ಅಲ್ಲಿಯ ಹೊಲ, ಅದೂ ಮನುಷ್ಯರಿಲ್ಲದ ಹೊಲ. ಹೆಂಗಸು ಒಬ್ಬಳೇ ಬದುವಿನ ಮೇಲೆ ನಿಂತರೆ ಯಾರು, ಏನು ಎಂದು ಮಂದಿ ಕಾಡುತ್ತಾರೆ. ಮುದುಕಿ ಜೊತೆಗಿದ್ದರೆ ಬಿಡುತ್ತಾರೆ ಎಂದು ನನ್ನನ್ನು ಕರೆದೊಯ್ಯುತ್ತಿದ್ದಳು. ಅಂಥದೊಂದು ಫೋಟೋ ಅಣ್ಣನ ಸ್ಟುಡಿಯೋದ ಗಾಜಿನೊಳಗೆ, ಮದುಮಕ್ಕಳ ನಡುವೆ ತೂಗಬೇಕು, ಕೆಳಗೆ ತನ್ನ ಹೆಸರಿರಬೇಕು. ಇದೊಂದೇ ಹಟ.

ಒಮ್ಮೆ ಮುಂಗಾರಿನ ಹೊತ್ತು, ಮೂರು ಕಾಲಿನ ಸ್ಟ್ಯಾಂಡ್ ಊರಿ ಕ್ಯಾಮರಾ ಇಟ್ಟಿದ್ದಳು. ಹರಗಿ ಹದ ಮಾಡಿದ ಹೊಲದ ಮೇಲೆ ಮೋಡದ ನೆರಳು ಬರಲಿ ಎಂದು ಕಾಯುತ್ತಿದ್ದಳು. ನೆರಳು ಬರುವ ಮೊದಲು ರೈತರು ಬಂದರು. ರಸ್ತೆಗೆ ಜಮೀನು ಹೋಗುತ್ತದೆಂಬ ಸುದ್ದಿ ಆಗ ಊರಲ್ಲಿತ್ತು. ಸ್ಟ್ಯಾಂಡ್ ನೋಡಿ ಸರ್ವೆ ಎಂದುಕೊಂಡರು.

“ಸಾಹೇಬ್ರು ಎಲ್ಲಿ ಅದಾರ್ರೀ ಬಾಯಿ?”

“ಯಾವ ಸಾಹೇಬ್ರೂ ಇಲ್ರಿ. ನಾನು ಹೊಲದ ಫೋಟೋ ತಗೀತೇನಿ.”

“ತಗೀರಿ, ತಗೀರಿ. ಮಷೀನ್ ಹಚ್ಚಿ ಸಾಹೇಬ್ರು ಎತ್ತಾಗ ಹೋದ್ರು?”

“ಗಿಡದ ಹಿಂದ ಹೋಗಿರಬೇಕೋ, ಬರ್ತಾರ. ಕುಂದರ್ರಿ,” ಎಂದ ಇನ್ನೊಬ್ಬ.

ಎಲ್ಲರೂ ಕ್ಯಾಮರಾದ ಎದುರಿನ ಬದುವಿನ ಮೇಲೇ ಸಾಲಾಗಿ ಕುಳಿತರು. ಆಕೆ ಕೈಮುಗಿದಳು. ಅವರು ಏಳಲಿಲ್ಲ. ಸಾಹೇಬರಿಗೆ ಗಡಿಕಲ್ಲು ತಾವೇ ತೋರಿಸಬೇಕಂತೆ.

ನನಗೆ ತಡೆಯಲಾಗಲಿಲ್ಲ. “ಏ ಹುಚ್ಚಪ್ಪಗೋಳ್ರ್ಯಾ, ಸಾಹೇಬ್ರಂದ್ರ ಈಕೀನ! ಏಳ್ರಿ ಅಲ್ಲಿಂದ!”

“ಆಯಿ ಚೇಷ್ಟಾ ಭಾಳ ಮಾಡ್ತಾಳ,” ಎಂದು ನಕ್ಕರು. ನೆರಳು ಬಂತು, ಅವರ ರುಮಾಲುಗಳ ಮೇಲೆ ಹಾದು ಹೋಯಿತು. ಆಕೆ ಬೈಯಲಿಲ್ಲ. ಸ್ಟ್ಯಾಂಡ್ ಮಡಚಿದಳು. “ನಾಳಿ ಮತ್ತ ಬರೂಣು,” ಎಂದಳು. ಮರುದಿನ ಮಂದಿ ಹಾಲು ಕರೆಯುವ ಹೊತ್ತಿಗೇ ಹೋದೆವು. ಬಿಸಿಲು ಬಿದ್ದು ನೆರಳೂ ಬಂತು, ಆ ಫೋಟೋ ಸಿಕ್ಕಿತು.

ಅಣ್ಣ ಅದನ್ನು ನೋಡಿ, “ಚಂದ ಐತಿ. ಆದ್ರ ಮಣ್ಣು ನೋಡಿ ಯಾರು ಒಳಗ ಬರ್ತಾರ? ನೀ ಹೆಂಗಸರ ಫೋಟೋ ಭೇಷ್ ತಗೀತಿ, ಅದನ್ನ ಮಾಡು,” ಎಂದನಂತೆ. ಆಕೆಯೇ ಬಂದು ಹೇಳಿದಳು. ಅಳಲಿಲ್ಲ. ಚಹಾ ಕುಡಿದು ಯಾರದೋ ಕುಬಸದ ಫೋಟೋ ತೆಗೆಯಲು ಹೋದಳು. ಮುಂದಿನ ವರ್ಷ ಕೇಳಿದಳು, ಅದರ ಮುಂದಿನ ವರ್ಷವೂ ಕೇಳಿದಳು. ಅಣ್ಣನ ಉತ್ತರ ಬದಲಾಗಲಿಲ್ಲ.

ಕಡೆಗೆ ಮೂತ್ರಪಿಂಡ ಕೆಟ್ಟು ನೆಹರು ನಗರದ ದವಾಖಾನೆ ಸೇರಿದಳು. ಏನು ಕೆಲಸ ಎಂದು ನರ್ಸ್ ಕೇಳಿದಾಗ, “ಗುಡ್ಡಾ, ಹೊಲಾ ಫೋಟೋ ತಗೀತೇನ್ರಿ,” ಎಂದಳು.

“ಅಯ್ಯ, ಛಲೋ ಆತು! ನಮ್ಮ ತಂಗಿ ಲಗ್ನ ಐತ್ರಿ. ಹೆಂಗಸರ ಬಾಜು ನೀವು ನೋಡ್ಕೋತೀರೇನು?”

“ಆತು ಬಿಡ್ರಿ,” ಎಂದು ಗೋಡೆಯ ಕಡೆ ಹೊರಳಿದಳು. ಆ ಲಗ್ನಕ್ಕೂ ಮೊದಲೇ ತೀರಿಹೋದಳು.

ಸ್ಟುಡಿಯೋಕ್ಕೆ ಹೋಗಿ ಆ ಫೋಟೋ ಕೇಳಿದೆ. “ಒಯ್ರಿ ಆಯಿ, ಅದನ್ನ ಯಾರೂ ಕೇಳೂದಿಲ್ಲ,” ಎಂದು ಅಣ್ಣ ಧೂಳು ಒರೆಸಿ ಕೊಟ್ಟ. ಕೆಟ್ಟವನಲ್ಲ, ಅವನ ಕಣ್ಣೂ ಕೆಂಪಾಗಿತ್ತು.

ನಾನು ಹೆಚ್ಚು ಸಾಲಿ ಕಲಿತವಳಲ್ಲ. ಫೋಟೋದ ಒಳ್ಳೆಯದು ಕೆಟ್ಟದ್ದು ನನಗೆ ತಿಳಿಯದು. ಹೊಲವೆಂದರೆ ಕಳೆ, ಕಸ, ನಡುನೋವು ಎಂದಷ್ಟೇ ಗೊತ್ತಿತ್ತು. ಬಗ್ಗದೆ, ಸುಮ್ಮನೆ ನಿಂತೂ ಅದನ್ನು ನೋಡಬಹುದೆಂದು ತೋರಿಸಿದವಳು ಆಕೆ. ಫೋಟೋವನ್ನು ಪಡಸಾಲೆಯಲ್ಲಿ ತೂಗುಹಾಕಿದ್ದೇನೆ. ಬಂದವರು ಯಾರು ತೆಗೆದದ್ದೆಂದು ಕೇಳುತ್ತಾರೆ. ಆಕೆಯ ಹೆಸರು ಹೇಳುತ್ತೇನೆ.

“ಹೌದಾ? ಆಕಿ ಗಂಡ ಫೋಟೋಗ್ರಾಫರ್ ಇದ್ನೇನ್ರಿ?”

ನನಗೂ ಸಾಕಾಗಿದೆ. ಆದರೂ ಆಕೆಯ ಹೆಸರನ್ನು ಇನ್ನೊಮ್ಮೆ, ಇನ್ನಷ್ಟು ಗಟ್ಟಿಯಾಗಿ ಹೇಳುತ್ತೇನೆ.