ಅಧ್ಯಕ್ಷರಿಗಿಂತ ಮೇಲೆ ಆನೆ

ಪುತ್ತೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಹರಿಣಾಕ್ಷಿ ಆ ಕೆಲಸ ಬಿಟ್ಟು ಬಸ್‌ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ಸ್ವಂತ ಕಚೇರಿ ತೆರೆದಳು. ಪಂಚಾಯತಿಗಳಿಗೆ, ಅಂಗಡಿಗಳಿಗೆ, ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುವುದು, ಅದು ಜನರ ಉಪಯೋಗಕ್ಕೆ ಬರುವುದು ಹೇಗೆಂದು ಸಲಹೆ ಕೊಡುವುದು ಅವಳ ಕಸುಬು. ಮಾಡಿಕೊಡುವುದೇನೋ ಸುಲಭ. ಸಲಹೆ ಕೊಡುವುದಿದೆಯಲ್ಲ, ಅದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನಮ್ಮೂರಿನವರಿಗೆ ವೆಬ್‌ಸೈಟ್ ಎಂದರೆ ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ. ಯಾರ ಹೆಸರು ಯಾರ ಮೇಲೆ, ಯಾರ ಫೋಟೋ ಯಾರದ್ದಕ್ಕಿಂತ ದೊಡ್ಡದು ಎಂಬುದು ಇತ್ಯರ್ಥವಾದರೆ ಕೆಲಸ ಮುಗಿಯಿತು. ನೋಡುವವನಿಗೆ ಏನು ಬೇಕು ಎಂದು ಕೇಳಿದ ಗಿರಾಕಿಯನ್ನು ಅವಳು ಇನ್ನೂ ಕಂಡಿಲ್ಲ.

ಗುತ್ತಿಗಾರು ಕಡೆಯ ಕೃಷಿಕರ ಸಂಘವೊಂದು ಅವಳಿಂದ ವೆಬ್‌ಸೈಟ್ ಮಾಡಿಸಿತು. ತೋಟಗಳಿಗೆ ಇಳಿಯುವ ಕಾಡಾನೆ ಎಲ್ಲಿಯಾದರೂ ಕಂಡರೆ ಕೂಡಲೇ ಅದರಲ್ಲಿ ಸೂಚನೆ ಹಾಕುವುದೆಂದಾಯಿತು. ಅದೊಂದು ಕೆಲಸ ಸರಿಯಾಗಿ ನಡೆದರೆ ತನ್ನ ಕಸುಬು ಸಾರ್ಥಕವೆಂದು ಹರಿಣಾಕ್ಷಿಗೆ ಅನಿಸಿತ್ತು.

"ಸೂಚನೆ ಎಲ್ಲಕ್ಕಿಂತ ಮೇಲೆ ಬರ್ಬೇಕು. ಬೆಳಿಗ್ಗೆ ರಬ್ಬರ್ ಟ್ಯಾಪಿಂಗಿಗೆ ಹೋಗುವವರಿಗೆ ಮೊಬೈಲ್ ತೆರೆದ ಕೂಡ್ಲೇ ಕಾಣ್ಬೇಕು" ಎಂದು ಸಭೆಯಲ್ಲಿ ಹೇಳಿದಳು.

"ಎಂತ ಹೇಳುದು ನೀವು?" ಎಂದರು ಅಧ್ಯಕ್ಷ ತ್ಯಾಂಪಣ್ಣ. "ಅಧ್ಯಕ್ಷನಿಗಿಂತ ಮೇಲೆ ಆನೆಯಾ?"

ನಿರ್ದೇಶಕರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅಧ್ಯಕ್ಷರು, ಉಪಾಧ್ಯಕ್ಷರು, ನಿರ್ದೇಶಕರು, ಶುಭ ಕೋರುವವರು ಎಲ್ಲರ ಮೋರೆಗಳೂ ಮುಗಿದ ಮೇಲೆ ಆನೆಗೆ ಜಾಗ ಸಿಕ್ಕಿತು. ವಾದ ಮಾಡಿ ಮಾಡಿ ಹರಿಣಾಕ್ಷಿಯ ಗಂಟಲು ಒಣಗಿದ್ದಷ್ಟೇ ಬಂತು.

ಮಳೆ ಬಿಟ್ಟು ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗ್ ಶುರುವಾದ ಮೇಲೆ ಒಂದು ಬೆಳಿಗ್ಗೆ ಅವಳಿಗೆ ಫೋನು ಬಂತು. ಮಾತಾಡಿದವಳು ಗುತ್ತಿಗಾರು ಕಡೆ ಟ್ಯಾಪಿಂಗ್ ಮಾಡುವ ಯೂಸುಫನ ಹೆಂಡತಿ ಝುಬೈದಾ.

"ಇವರು ವೆಬ್‌ಸೈಟ್ ನೋಡಿಯೇ ಹೋದದ್ದು ಅಕ್ಕಾ. ನೆಟ್‌ವರ್ಕ್ ಸರಿ ಇಲ್ಲ ಅಲ್ವಾ, ಫೋಟೋ ಒಂದೊಂದೇ ಬರ್ತಾ ಉಂಟು. ಅಡಿಯಲ್ಲಿದ್ದ ಆನೆಯ ಸೂಚನೆ ಕಾಣುವ ಮೊದಲೇ ಹೊತ್ತಾಯ್ತು ಅಂತ ಮೊಬೈಲ್ ಕಿಸೆಗೆ ಹಾಕಿ ಹೋದ್ರು. ತಿರುವಿನಲ್ಲಿ ಆನೆ. ದಾರಿ ಬದಿಯ ತೋಡಿಗೆ ಹಾರಿ ಭುಜದ ಎಲುಬು ಮುರಿದಿದೆ. ಜೀವ ಉಳಿದದ್ದೇ ಹೆಚ್ಚು."

ಹರಿಣಾಕ್ಷಿ ಯಾರನ್ನೂ ಕೇಳಲಿಲ್ಲ. ಕುಳಿತಲ್ಲೇ ಮೋರೆಗಳನ್ನೆಲ್ಲ ಕೆಳಗೆ ತಳ್ಳಿ ಆನೆಯ ಸೂಚನೆಯನ್ನು ಮೇಲಕ್ಕೆ ತಂದಳು.

ಮಧ್ಯಾಹ್ನದೊಳಗೆ ತ್ಯಾಂಪಣ್ಣನವರ ಫೋನು. "ನನ್ನನ್ನು ಕೇಳದೆ ನನ್ನ ಫೋಟೋ ಇಳಿಸ್ಲಿಕ್ಕೆ ನೀವು ಯಾರು? ನಾಳೆಯಿಂದ ನಿಮ್ಮ ಕೆಲಸ ಬೇಡ!"

"ಬೇಡದಿದ್ರೆ ಬೇಡ ಮಾರಾಯ್ರೆ. ಬೇರೆಯವರನ್ನು ಇಟ್ಕೊಳ್ಳಿ. ನಿಮ್ಮ ಫೋಟೋವನ್ನೂ ಮೇಲೆ ಹಾಕಿಸಿ. ಆದರೆ ಮೊದಲು ಯೂಸುಫನ ಮನೆಗೆ ಹೋಗಿ ಅದನ್ನು ಅವನ ಹೆಂಡತಿಗೆ ಹೇಳಿ ಬನ್ನಿ."

ಸಂಘದ ಕೆಲಸ ಆವತ್ತೇ ಅವಳ ಕೈ ತಪ್ಪಿತು, ಮತ್ತೆ ಯಾರೂ ಕರೆಯಲಿಲ್ಲ. ಸೂಚನೆಯನ್ನು ಮಾತ್ರ ಇವತ್ತಿನವರೆಗೆ ಯಾರೂ ಕೆಳಗಿಳಿಸಿಲ್ಲ.